ಯಾರಾದ್ರೂ ಬಂದ್ರೆ

ಮೆಲ್ಬರ್ನಿನಿಂದ ಅಂಕಲ್ ತೀರಿಕೊಂಡ ಸುದ್ದಿ ಬಂದ ಮೇಲೆ ಒಂದು ವಾರ ನಮ್ಮ ಮನೆಯ ಫೋನಿಗೆ ಬಿಡುವೇ ಇರಲಿಲ್ಲ. ಸಿಡ್ನಿಯ ಕನ್ನಡದವರು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದರು. ಎಂಥ ದೊಡ್ಡ ಮನಸ್ಸು, ಈ ದೇಶವನ್ನು ನಮಗೆ ತೋರಿಸಿದವರೇ ಅವರು, ಯಾರು ಬಂದರೂ ಜಾಗ ಕೊಟ್ಟರು. ನಾನು ಎಲ್ಲದಕ್ಕೂ ಹೌದು ಹೌದು ಎಂದೆ. ಅದೇನೂ ಸುಳ್ಳಲ್ಲ. ಆದರೆ ಪ್ರತಿ ಸಲ ಫೋನ್ ಇಟ್ಟಾಗಲೂ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಅದರಲ್ಲಿ ಅವರ ಮೇಲಿನದು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ಈಗಲೂ ಬಿಡಿಸಿ ಹೇಳಲಾರೆ. ಹೋದವರ ಬಗ್ಗೆ ಹೀಗೆ ಬರೆಯುವುದು ಚೆನ್ನಾಗಿರುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಬರೆಯದಿದ್ದರೆ ಇದು ಇಳಿಯುವ ಹಾಗೆ ಕಾಣಲಿಲ್ಲ.

ನಾನು ಸಿಡ್ನಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ, ನಾರ್ತ್ ರೈಡ್‌ನ ಒಂದು ಕಂಪ್ಯೂಟರ್ ಕಂಪನಿಯ ಕೆಲಸಕ್ಕೆ. ಎಪ್ಪಿಂಗ್‌ನಲ್ಲಿ ಒಂದು ಯೂನಿಟ್, ಅಂದರೆ ಫ್ಲಾಟು, ರೆಂಟ್‌ಗೆ ಹಿಡಿದಿದ್ದೆವು. ಆಗ ಆ ಸಬರ್ಬಿನಲ್ಲಿ ನಮ್ಮವರು ಅಷ್ಟಾಗಿ ಇರಲಿಲ್ಲ. ಮೊದಲ ಶನಿವಾರ ಸಾಮಾನು ತಂದು ಕಾರಿನಿಂದ ಇಳಿಸುವಾಗ, ಟೊಮ್ಯಾಟೊ ತರಲಿಲ್ಲವಾ ಎಂದು ಹೆಂಡತಿ ನನ್ನನ್ನು ಗದರಿಕೊಂಡಳು. ಉತ್ತರ ಬಂದದ್ದು ಆಕಾಶದಿಂದ. "ನಮ್ಮನೇಲಿದೆ, ಬನ್ನಿ." ತಲೆ ಎತ್ತಿ ನೋಡಿದರೆ ಎದುರು ಸಾಲಿನ ಮನೆಯ ಡ್ರೈವ್‌ವೇನಲ್ಲಿ ಒಳಗೇ ಒಲೆ, ಹಾಸಿಗೆ ಎಲ್ಲ ಇರುವ, ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್ ನಿಂತಿತ್ತು. ಅದರ ಚಾವಣಿಯ ಮೇಲೆ, ಅಗಲ ಅಂಚಿನ ಟೊಪ್ಪಿಗೆ ಹಾಕಿಕೊಂಡು, ಹೊಕ್ಕುಳಿಗಿಂತ ಮೇಲೆ ಪ್ಯಾಂಟು ಕಟ್ಟಿಕೊಂಡ ಒಣಕಲು ಮನುಷ್ಯರೊಬ್ಬರು ಹಗ್ಗ ಬಿಗಿಯುತ್ತಿದ್ದರು. ಅವರೇ ಅಂಕಲ್. ಅವರ ಹೆಸರು ನಮಗೆ ಗೊತ್ತಿದ್ದರೂ ಯಾರೂ ಅದನ್ನು ಬಳಸಿದ್ದಿಲ್ಲ, ಇಲ್ಲಿ ನಾನೂ ಬಳಸುವುದಿಲ್ಲ.

ಅವರು ಮೈಸೂರಿನವರು. ರಸ್ತೆ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರ್. ಸೊಂಟದಲ್ಲಿ ಯಾವಾಗಲೂ ಒಂದು ಬೀಗದ ಕೈ ಗೊಂಚಲು. ಅವೆಲ್ಲ ಮೋಟಾರ್‌ಹೋಮಿನ ಹೊರಗಡೆಯ ಪೆಟ್ಟಿಗೆಗಳ ಬೀಗದ ಕೈಗಳು. ಬಸ್ಸಿನ ಹೊಟ್ಟೆಯಲ್ಲಿ ಲಗೇಜು ಇಡುವ ಖಾನೆಗಳಿರುತ್ತವಲ್ಲ, ಹಾಗೆ ಎರಡು ಪಕ್ಕದಲ್ಲೂ ಏಳೆಂಟು ಖಾನೆಗಳು. ಒಂದೊಂದರ ಮೇಲೂ ಕಪ್ಪು ಇಂಕಿನಲ್ಲಿ ಕನ್ನಡದ ಚೀಟಿ. 'ಮಳೆ', 'ಹಗ್ಗ', 'ಕತ್ತಲೆ', 'ಕಾಫಿ'. ಎಲ್ಲಕ್ಕಿಂತ ದೊಡ್ಡ ಖಾನೆಯ ಮೇಲೆ 'ಯಾರಾದ್ರೂ ಬಂದ್ರೆ' ಎಂದು ಬರೆದಿತ್ತು.

ಯಾರಾದರೂ ಏನು, ಎಲ್ಲರೂ ಬರುತ್ತಿದ್ದರು. ಹೊಸದಾಗಿ ವಿಮಾನದಿಂದ ಇಳಿದ ಕನ್ನಡದ ಕುಟುಂಬಕ್ಕೆ ಅಂಕಲ್‌ರಿಂದ ಫೋನ್ ಹೋಗುತ್ತಿತ್ತು. ಪರಿಚಯ ಇರಬೇಕೆಂದೇನೂ ಇಲ್ಲ. "ಈ ವೀಕೆಂಡು ಹೋಗ್ತಿದೀವಿ. ಬಂದ್ಬಿಡಿ, ಅಷ್ಟೆ." ಆ 'ಅಷ್ಟೆ'ಯ ಮುಂದೆ ಯಾವ ನೆಪವೂ ನಿಲ್ಲುತ್ತಿರಲಿಲ್ಲ. ಮೋಟಾರ್‌ಹೋಮಿನಲ್ಲಿ ಆರು ಜನ, ಉಳಿದವರು ಹಿಂದೆ ತಮ್ಮ ತಮ್ಮ ಕಾರುಗಳಲ್ಲಿ. ಹೊರಡುವ ಮುಂಚೆ ಅಂಕಲ್ ಎಲ್ಲರ ತಲೆ ಎಣಿಸುತ್ತಿದ್ದರು, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತ. ಹತ್ತಾದರೂ ಹದಿನಾರಾದರೂ ಕೊನೆಗೆ ಹೇಳುತ್ತಿದ್ದದ್ದು ಒಂದೇ. "ಸರಿಹೋಯ್ತು. ಇನ್ನಿಬ್ರಿಗೆ ಜಾಗ ಇದೆ."

ನನಗೆ ಟೆಂಟಿನ ಗೂಟ ಹೊಡೆಯಲು ಕಲಿಸಿದವರು ಅವರು. ರಿವರ್ಸ್ ಪಾರ್ಕಿಂಗ್ ಕಲಿಸಿದವರೂ ಅವರೇ. ನನ್ನ ಮಗಳು ಮೊದಲ ಸಲ ಸಮುದ್ರ ನೋಡಿದ್ದು ಅವರ ಹೆಗಲ ಮೇಲೆ ಕೂತು. ಇದನ್ನೆಲ್ಲ ನಾನು ಮರೆತಿಲ್ಲ.

ಆಂಟಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದರು. ಕಡಿಮೆ ಮಾತು. ಆ ಮೋಟಾರ್‌ಹೋಮಿನ ವಿಷಯದಲ್ಲಿ ಅವರದೊಂದು ಮಾತು ನಡೆದದ್ದು ಒಮ್ಮೆ ಮಾತ್ರ. ಕೊಂಡುತಂದ ದಿನ ಒಲೆಯ ಮುಂದೆ ನಿಂತು ಕೈ ಚಾಚಿದರೆ ಟಾಯ್ಲೆಟ್ಟಿನ ಬಾಗಿಲು ಕೈಗೆ ಸಿಕ್ಕಿತಂತೆ. ಇಲ್ಲಿ ನಾನು ಅಡುಗೆ ಮಾಡುವುದಿಲ್ಲ ಎಂದು ಇಳಿದುಬಿಟ್ಟರು. ಅಂಕಲ್ ಆ ವಾರವೇ ಕಮೋಡು ಬಿಚ್ಚಿ ತೆಗೆದು, ಜಾಗವನ್ನು ಮೂರು ಸಲ ತೊಳೆದು, ಶೆಲ್ಫು ಹೊಡೆದು ಅದನ್ನು ಉಗ್ರಾಣ ಮಾಡಿದರು. ಬೇಳೆ, ಅಕ್ಕಿ, ಸಾರಿನ ಪುಡಿ, ಹಪ್ಪಳ ಎಲ್ಲ ಅಲ್ಲಿ. ಮುಂದೆ ಗಾಡಿ ಮಾರುವಾಗ, ಕೊಳ್ಳಲು ಬಂದ ಆಸ್ಟ್ರೇಲಿಯನ್ ದಂಪತಿ ಆ ಬಾಗಿಲು ತೆಗೆದು, ಮೂಗು ಅರಳಿಸಿ, ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ಅಂಕಲ್ ಗರಾಜಿಗೆ ಹೋಗಿ ಪ್ಲಾಸ್ಟಿಕ್ ಸುತ್ತಿಟ್ಟಿದ್ದ ಕಮೋಡನ್ನು ತಬ್ಬಿಕೊಂಡು ತಂದರು. ಅದರ ಸ್ಕ್ರೂಗಳೆಲ್ಲ ಒಂದು ಜಾಮಿನ ಬಾಟಲಿಯಲ್ಲಿ ಭದ್ರವಾಗಿದ್ದವು. ಒಂದೂ ಕಡಿಮೆ ಇರಲಿಲ್ಲ.

ಇಬ್ಬರೂ ಒಂದೇ ವರ್ಷ ರಿಟೈರ್ ಆದರು. ಆ ಡಿಸೆಂಬರಿನಲ್ಲಿ ಆಂಟಿ ನಮ್ಮ ಮನೆಗೆ ಬಂದು, ಅಂಕಲ್ ದೊಡ್ಡ ಗಾಡಿ ಮಾರುತ್ತಿದ್ದಾರೆ, ಚಿಕ್ಕ ವ್ಯಾನು ತಗೊಳ್ಳುತ್ತಿದ್ದೇವೆ ಎಂದರು. ಇಬ್ಬರು ಮಲಗುವ, ಎತ್ತರದ ಚಾವಣಿಯ ವ್ಯಾನು. ಡೀಸೆಲ್ ಜಾಸ್ತಿಯಾಯಿತೇ, ಓಡಿಸಲು ಕಷ್ಟವೇ ಎಂದು ನಾನು ಕೇಳಿದೆ. ಅದೇನೂ ಅಲ್ಲ ಎಂದರು. ಆಮೇಲೆ ಹೇಳಿದರು: "ಹತ್ತು ವರ್ಷ ಆಯ್ತು ಕಣ್ರೀ. ಎಲ್ಲಾ ಬೀಚಿಗೂ ಹೋಗಿದೀನಿ. ಒಂದು ಸಲಾನೂ ಕೂತ್ಕೊಂಡು ಸಮುದ್ರ ನೋಡಿಲ್ಲ. ನಾನು ನೋಡಿರೋದು ಬರೀ ಸ್ಟವ್ವು."

ನನ್ನ ಹೆಂಡತಿ ತಲೆ ತಗ್ಗಿಸಿದಳು. ಆ ಸ್ಟವ್ವಿನ ಅನ್ನ ತಿಂದವರಲ್ಲಿ ನಾವೂ ಇದ್ದೆವು.

ಅವರ ಲೆಕ್ಕಾಚಾರ ಸರಳವಾಗಿತ್ತು. ಎರಡೇ ಹಾಸಿಗೆ ಇರುವ ಗಾಡಿಗೆ ಅಂಕಲ್ ಯಾರನ್ನೂ ಕರೆಯಲಾಗುವುದಿಲ್ಲ. ಅವರ ಮಗಳಿದ್ದದ್ದು ಮೆಲ್ಬರ್ನಿನಲ್ಲಿ. ಮೇ ತಿಂಗಳಲ್ಲಿ ಅವಳಿಗೆ ಎರಡನೆಯ ಹೆರಿಗೆ. ಅಷ್ಟರೊಳಗೆ ಸಿಡ್ನಿಯಿಂದ ಸಮುದ್ರದ ದಂಡೆ ಹಿಡಿದು, ಊರೂರಿಗೆ ಎರಡೆರಡು ದಿನ ನಿಂತು, ಮೂರು ವಾರ ತೆಗೆದುಕೊಂಡು ಮೆಲ್ಬರ್ನ್ ಸೇರುವುದು. ಅವರಿಬ್ಬರೇ. ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಊರುಗಳ ಹೆಸರನ್ನೂ ದಿನವನ್ನೂ ಬರೆದಿಟ್ಟಿದ್ದರು. ಆಮೇಲೆ ಮೊಮ್ಮಕ್ಕಳು, ಬಾಣಂತನ, ಮಂಡಿ ನೋವು, ಮತ್ತೆ ಆಗುತ್ತೋ ಇಲ್ಲವೋ ಎಂದರು. ನನ್ನಿಂದ ಆಗಬೇಕಾದದ್ದು ಒಂದೇ ಸಹಾಯ. ದೊಡ್ಡ ಗಾಡಿ ಖಾಲಿ ಮಾಡಿಸಿ, ಇಬ್ಬರಿಗೆ ಎಷ್ಟು ಬೇಕೋ ಅಷ್ಟನ್ನೇ ಚಿಕ್ಕದರಲ್ಲಿ ಇಡಿಸಿಕೊಡಬೇಕು. "ನೀವು ಲಿಸ್ಟ್ ಮಾಡೋರು. ನಿಮ್ಮ ಮಾತು ಕೇಳ್ತಾರೆ" ಎಂದರು. ಇದರಲ್ಲಿ ಎರಡನೆಯದು ಶುದ್ಧ ಸುಳ್ಳು.

ಮಾರ್ಚಿನ ಮೂರು ವೀಕೆಂಡುಗಳು ಅದಕ್ಕೆ ಹೋದವು. ಆ ಮೂರು ವಾರದಲ್ಲಿ ನನ್ನ ತಲೆ ಕೆಟ್ಟ ಹಾಗೆ ಆಫೀಸಿನ ಯಾವ ಪ್ರಾಜೆಕ್ಟಿನಲ್ಲೂ ಕೆಟ್ಟಿಲ್ಲ.

ಮೊದಲ ಶನಿವಾರ ಎಲ್ಲವನ್ನೂ ತೆಗೆದು ಹುಲ್ಲಿನ ಮೇಲೆ ಹರಡಿದೆವು. ನಾಲ್ಕು ಟೆಂಟು. ಐದು ಐಸ್ ಪೆಟ್ಟಿಗೆ. ಒಂಬತ್ತು ಟಾರ್ಚು, ಅದರಲ್ಲಿ ಹತ್ತಿಕೊಂಡದ್ದು ಎರಡು. ಒಂದಕ್ಕೊಂದು ಹೊಂದದ ಹದಿನಾರು ಮಡಿಸುವ ಕುರ್ಚಿ. ಹಾಲಿನ ಪುಡಿಯ ಡಬ್ಬಗಳ ತುಂಬ ಗೂಟ. ಮದುವೆ ಮನೆಯ ಬಾಣಲೆಯಂಥ ಎರಡು ಬಾಣಲೆ. ಜೊತೆಗೆ ನಾಲ್ಕು ಮೀನಿನ ಗಾಳದ ಕೋಲು. ಅಂಕಲ್ ಮೊಟ್ಟೆಯನ್ನೂ ಮುಟ್ಟದವರು. ಇದೇಕೆ ಎಂದೆ. "ಯಾರಾದ್ರೂ ಬಂದ್ರೆ, ಮೀನು ಹಿಡಿಯೋರು?" ಎಂದರು.

ನಾನು ಮೂರು ಚೀಟಿ ಬರೆದು ಹುಲ್ಲಿನ ಮೇಲೆ ಇಟ್ಟೆ. ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು. ಅಂಕಲ್ ತಕ್ಷಣ ನಾಲ್ಕನೆಯ ಚೀಟಿ ಬರೆದರು. 'ನೋಡೋಣ.' ಸಂಜೆಯ ಹೊತ್ತಿಗೆ ಮೊದಲ ಮೂರು ಚೀಟಿಗಳ ಮುಂದೆ ಹುಲ್ಲು ಹಾಗೇ ಕಾಣುತ್ತಿತ್ತು. ನಾಲ್ಕನೆಯದರ ಮುಂದೆ ಗುಡ್ಡ ಬಿದ್ದಿತ್ತು.

ಆಮೇಲೆ ತೂಕದ ಗಲಾಟೆ. ಚಿಕ್ಕ ವ್ಯಾನಿಗೆ ಇಷ್ಟೇ ಭಾರ ಹಾಕಬೇಕೆಂದು ಅದರ ಬಾಗಿಲಿನ ಒಳಗೇ ಬರೆದಿತ್ತು. ಎಂಜಿನಿಯರ್ ಆದ್ದರಿಂದ ಅಂಕಲ್ ಅದನ್ನು ಒಪ್ಪಿದರು. ಬಾತ್‌ರೂಮಿನ ತೂಕದ ಯಂತ್ರ ತಂದು, ಒಂದೊಂದು ಸಾಮಾನನ್ನೂ ಅವರು ಎತ್ತಿಕೊಂಡು ನಿಲ್ಲುವುದು, ಬಂದದ್ದರಲ್ಲಿ ಅವರ ತೂಕ ಕಳೆದು ನಾನು ಬರೆದುಕೊಳ್ಳುವುದು. ಒಂದು ಗಂಟೆಯಾದ ಮೇಲೆ ಮೂರು ಕುರ್ಚಿ ಜಾಸ್ತಿ ಇಡಬಹುದೆಂದು ಅವರು ವಾದ ತೆಗೆದರು. ಶುಗರ್ ಬಂದ ಮೇಲೆ ತಾವು ಐದು ಕೆ.ಜಿ. ಇಳಿದಿದ್ದಾರಂತೆ. ಆ ಐದು ಕೆ.ಜಿ. ಅವರ ಹಕ್ಕಂತೆ. ಅಷ್ಟು ಓದಿದ ಮನುಷ್ಯರು ಇದನ್ನು ಒಂದಿಷ್ಟೂ ನಗದೆ ಹೇಳಿದರು. ನಾನು ಪೆನ್ನು ಕೆಳಗಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ.

ಎರಡನೆಯ ವಾರ ನಮ್ಮ ಕಡೆ ಕೌನ್ಸಿಲ್‌ನವರ ಕ್ಲೀನ್-ಅಪ್ ಇತ್ತು. ಬೇಡದ್ದನ್ನು ಮನೆ ಮುಂದಿನ ಹುಲ್ಲಿನ ಪಟ್ಟಿಯ ಮೇಲೆ ಇಟ್ಟರೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಅಂಕಲ್‌ರ ಹದಿನಾರು ಕುರ್ಚಿಗಳೂ ಹುಟ್ಟಿದ್ದು ಇಂಥ ಕ್ಲೀನ್-ಅಪ್‌ಗಳಲ್ಲೇ. ಪರರ ಮನೆ ಮುಂದೆ ಬಿದ್ದಿದ್ದನ್ನು ಎತ್ತಿ ತಂದು, ಬಟ್ಟೆ ಬದಲಾಯಿಸಿ, ಮೊಳೆ ಹೊಡೆದು ಎಬ್ಬಿಸಿ ನಿಲ್ಲಿಸಿದ್ದವು. ಶನಿವಾರ ಅವರ ಮುಖ ನೋಡದೆ ಹತ್ತು ಕುರ್ಚಿ, ಎರಡು ಟೆಂಟು, ಗಾಳದ ಕೋಲುಗಳನ್ನು ನಾನೇ ಹೊತ್ತು ಹೊರಗಿಟ್ಟೆ. ಭಾನುವಾರ ಬೆಳಗ್ಗೆ ಹೋದರೆ ಎಲ್ಲವೂ ಗರಾಜಿನಲ್ಲಿದ್ದವು. ಎಣಿಸಿದೆ. ಹನ್ನೊಂದು ಕುರ್ಚಿ. ಪಕ್ಕದ ಮನೆಯವರು ಎಸೆದದ್ದೊಂದು ಸೇರಿಕೊಂಡಿತ್ತು.

ಮೂರನೆಯ ವಾರ ಉಳಿದದ್ದು ಆ ದೊಡ್ಡ ಖಾನೆಯ ಸಾಮಾನು. ಕಂಬಳಿ, ಎಂಟು ಸ್ಟೀಲ್ ತಟ್ಟೆ, ಎಂಟು ಲೋಟ, ಮಕ್ಕಳ ಚಪ್ಪಲಿ, ಯಾರಿಗೋ ಬೇಕಾದೀತೆಂದು ಇಟ್ಟ ಸ್ವೆಟರುಗಳು. ಅಂಕಲ್ ಒಂದೊಂದನ್ನೂ ಕೈಗೆ ತೆಗೆದುಕೊಂಡು, ಇದನ್ನು ಮುಂದಿನ ಸೀಟಿನ ಕೆಳಗೆ ಹಾಕಬಹುದು, ಇದನ್ನು ಬಾಗಿಲಿಗೆ ತೂಗುಹಾಕಬಹುದು ಎಂದು ಉಪಾಯ ಹೇಳುತ್ತ ಹೋದರು. ಶೆಲ್ಫು ಮಾಡುವುದರಲ್ಲಿ, ಅಂಗುಲ ಅಂಗುಲ ಜಾಗ ಹುಡುಕುವುದರಲ್ಲಿ ಅವರಷ್ಟು ಬುದ್ಧಿವಂತರನ್ನು ನಾನು ನೋಡಿಲ್ಲ. ಆ ಬುದ್ಧಿಯೆಲ್ಲ ಆಂಟಿಯ ಎದುರು ಕೆಲಸ ಮಾಡುತ್ತಿತ್ತು. ನನ್ನ ತಾಳ್ಮೆ ತಪ್ಪಿತು.

"ಅಂಕಲ್, ಯಾರೂ ಬರಲ್ಲ" ಎಂದುಬಿಟ್ಟೆ. "ಯಾರೂ ಬರಬಾರ್ದು ಅಂತಾನೇ ಆಂಟಿ ಈ ವ್ಯಾನ್ ತಗೊಂಡಿರೋದು. ನಿಮಗೆ ಅರ್ಥ ಆಗಲ್ವಾ?"

ಅವರ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಸ್ವೆಟರನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ, ನನ್ನ ಕಡೆ ನೋಡದೆ, ಈ ದೇಶಕ್ಕೆ ಬಂದ ಮೊದಲ ವರ್ಷದ ಸಂಗತಿ ಹೇಳಿದರು. ಎಪ್ಪತ್ತರ ದಶಕ. ಒಳನಾಡಿನ ಒಂದು ಗಣಿಯ ಊರಿನಲ್ಲಿ ಕೆಲಸ. ಗಂಡ ಹೆಂಡತಿ ಇಬ್ಬರೇ. ಯುಗಾದಿಗೆ ಹೋಳಿಗೆ ಮಾಡಿ ಆಫೀಸಿನ ಆರು ಜನರನ್ನು ಊಟಕ್ಕೆ ಕರೆದಿದ್ದರಂತೆ. ಎಲೆಯಿಲ್ಲ ಎಂದು ಎಂಟು ತಟ್ಟೆ ಕೊಂಡು ತಂದು ಜೋಡಿಸಿದ್ದರಂತೆ. ಒಬ್ಬರೂ ಬರಲಿಲ್ಲ. ಯಾರೂ ಬೇಕೆಂದು ಹಾಗೆ ಮಾಡಿರಲಿಕ್ಕಿಲ್ಲ, ಕರೆದದ್ದನ್ನು ಅವರು ಅಷ್ಟು ದೊಡ್ಡದಾಗಿ ತೆಗೆದುಕೊಂಡಿರಲಿಲ್ಲ ಅಷ್ಟೇ ಎಂದು ಅಂಕಲ್ಲೇ ಹೇಳಿದರು. "ಇಡೀ ವರ್ಷ ನಮ್ಮನೆ ಬೆಲ್ ಆಗ್ಲಿಲ್ಲ ಕಣಯ್ಯ" ಎಂದರು. ಆ ತಟ್ಟೆಗಳೇ ಇವು. ಅಷ್ಟು ಹೇಳಿ ಹಗ್ಗ ತರುತ್ತೇನೆಂದು ಗರಾಜಿನ ಒಳಗೆ ಹೋದರು. ಹಗ್ಗ ಬೇಕಾಗಿರಲಿಲ್ಲ.

ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಆಂಟಿ ಕಾಫಿ ಹಿಡಿದುಕೊಂಡು ಹೊರಗೆ ಬಂದರು. ಲೋಟವನ್ನು ನನ್ನ ಕೈಗೆ ಕೊಟ್ಟು ನಿಧಾನವಾಗಿ ಹೇಳಿದರು: "ಆ ವರ್ಷ ಯಾರೂ ಬರ್ಲಿಲ್ಲ ಅಂತ ಎಲ್ರಿಗೂ ಹೇಳ್ತಾರೆ. ನಾನಿದ್ನಲ್ಲ ಅಲ್ಲಿ."

ನಾನು ಕಾಫಿ ಕುಡಿದೆ. ಆಗಲೇ ಪಟ್ಟು ಹಿಡಿದೆ. ಈ ಹೆಂಗಸಿಗೆ ಮೂರು ವಾರ ಸಿಗಲೇಬೇಕು.

ಆ ಭಾನುವಾರ ಅಂಕಲ್ ಜಗಳವಾಡಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಸರಿ ಎಂದರು. ದೊಡ್ಡ ಟೆಂಟನ್ನು ನನಗೇ ಕೊಟ್ಟರು. ಬಾಣಲೆಗಳು ಪ್ಯಾರಮಾಟಾ ಕಡೆಯ ಒಂದು ಮನೆಗೆ, ಕುರ್ಚಿ ಕಂಬಳಿಗಳು ಹಾರ್ನ್ಸ್‌ಬಿಯ ಡಾಕ್ಟರೊಬ್ಬರ ಮನೆಗೆ ಹೋದವು. ಎಲ್ಲರಿಗೂ ಅವರೇ ಫೋನ್ ಮಾಡಿದರು. ಕೊನೆಗೂ ಈ ಮನುಷ್ಯರಿಗೆ ಬುದ್ಧಿ ಬಂತು ಎಂದು ನಾನು ಬೀಗಿದೆ. ಸಾಮಾನು ಯಾರ ಯಾರ ಕೈ ಸೇರುತ್ತಿದೆ ಎಂಬುದನ್ನು ನಾನು ಯೋಚಿಸಲೇ ಇಲ್ಲ.

ಚಿಕ್ಕ ವ್ಯಾನು ಜೋಡಿಸಿದ್ದು ಮಾತ್ರ ನನಗೆ ಈಗಲೂ ಹೆಮ್ಮೆ. ಬೆಂಚಿನ ಕೆಳಗೆ ಗ್ಯಾಸಿನ ಒಲೆ, ಅದರ ಪಕ್ಕ ಇಬ್ಬರಿಗಾಗುವ ಪುಟ್ಟ ಕುಕ್ಕರು. ಬಾಗಿಲ ಹಿಂದೆ ಮಳೆಯಂಗಿ ಎರಡು. ಹಾಸಿಗೆಯ ಕೆಳಗೆ ಕುರ್ಚಿ ಎರಡು. ತಟ್ಟೆ ಎರಡು, ಲೋಟ ಎರಡು. ಎಲ್ಲ ಇಟ್ಟ ಮೇಲೂ ಒಂದು ಶೆಲ್ಫು ಖಾಲಿ ಉಳಿಯಿತು. ಆಂಟಿ ಅದರ ಬಾಗಿಲನ್ನು ನಾಲ್ಕೈದು ಸಲ ತೆಗೆದು ಹಾಕಿ ಮಾಡಿದರು. ಖಾಲಿ ಶೆಲ್ಫು ನೋಡಲು ಎಷ್ಟು ಚೆನ್ನಾಗಿರುತ್ತದೆ ಎಂದರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ, ಅಂಕಲ್ ಔಷಧಿ ತರಲು ಹೋಗಿದ್ದಾಗ, ನಾನು ಕೊನೆಯ ಸಲ ಎಲ್ಲ ನೋಡಿಬಿಡೋಣವೆಂದು ವ್ಯಾನು ಹತ್ತಿದೆ. ನನ್ನ ಅನುಮಾನ ನಿಜವಾಗಿತ್ತು. ಸ್ಟೆಪ್ನಿ ಚಕ್ರದ ಗುಳಿಯಲ್ಲಿ, ಟವಲಿನಲ್ಲಿ ಸುತ್ತಿ, ಸದ್ದಾಗದ ಹಾಗೆ ನಡುವೆ ಪೇಪರು ಹಾಕಿ, ಆರು ತಟ್ಟೆ. ಮೈಯೆಲ್ಲ ಉರಿದುಹೋಯಿತು. ಆಂಟಿಯನ್ನು ಕರೆದು ತೋರಿಸಿದೆ. ಅವರು ತಟ್ಟೆಗಳನ್ನು ನೋಡಿ ಒಳಗೆ ಹೋದರು. ನಾನು ಅವನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ನಮ್ಮ ಮನೆಗೆ ತಂದೆ. ಇನ್ನು ಎರಡೇ ಎಂದು ಗಟ್ಟಿಯಾಗಿ ಹೇಳಿಕೊಂಡೆ.

ಅವರು ಹೊರಟು ಐದು ದಿನವಾಗಿತ್ತು. ಈಸ್ಟರ್ ರಜೆಯ ಹಿಂದಿನ ಗುರುವಾರ ಸಂಜೆ ಫೋನ್ ಬಂತು. ಸಿಡ್ನಿಗೂ ಮೆಲ್ಬರ್ನಿಗೂ ನಡುವೆ ಇರುವ ಈಡನ್ ಎಂಬ ಊರಿನ ಫೋನ್ ಬೂತಿನಿಂದ ಅಂಕಲ್. ನಾಣ್ಯ ಬೀಳುವ ಸದ್ದು ಕೇಳುತ್ತಿತ್ತು. ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕು ನೀರಿನ ಪಕ್ಕದಲ್ಲೇ ಇದೆ, ಹುಲ್ಲು ಚೆನ್ನಾಗಿದೆ, ಪಕ್ಕದ ಜಾಗ ಖಾಲಿ ಇದೆ, ಆಗಲೇ ಬುಕ್ ಮಾಡಿದ್ದೇನೆ ಎಂದರು.

"ಟೆಂಟ್ ನಿಮ್ಮತ್ರಾನೇ ಇದೆಯಲ್ಲ. ಬಂದ್ಬಿಡಿ, ಅಷ್ಟೆ."

ಆಂಟಿಗೆ ಗೊತ್ತಾ ಎಂದು ಕೇಳಿದೆ.

"ಅವಳಿಗೆ ಸರ್ಪ್ರೈಸು" ಎಂದರು.

ಬಾಣಲೆಯವರಿಗೂ ಕುರ್ಚಿಯವರಿಗೂ ಆಗಲೇ ಹೇಳಿಯಾಗಿತ್ತು. ಅವರು ಶನಿವಾರ ಬರುವವರಿದ್ದರು. ಆಗ ನನಗೆ ಹೊಳೆಯಿತು, ಅಂಕಲ್ ಒಂದು ಸಾಮಾನನ್ನೂ ಬಿಟ್ಟುಕೊಟ್ಟಿರಲಿಲ್ಲ. ಖಾನೆಗಳನ್ನು ನಮ್ಮ ನಮ್ಮ ಗರಾಜುಗಳಿಗೆ ಸಾಗಿಸಿದ್ದರು, ಅಷ್ಟೆ.

ಹೆಂಡತಿ ಬೇಡವೆಂದಳು. "ಅದು ಅವರ ಟ್ರಿಪ್ಪು ಕಣ್ರೀ. ಯಾರೇ ಹೋಗ್ಲಿ, ನಾವು ಹೋಗ್ಬಾರ್ದು." ನಾನು ಹೇಳಿದ ನೆಪಗಳೆಲ್ಲ ನೆನಪಿವೆ. ದೊಡ್ಡವರು ಅಷ್ಟು ದೂರದಿಂದ ಫೋನ್ ಮಾಡಿ ಕರೆದಾಗ ಇಲ್ಲ ಎನ್ನುವುದು ಹೇಗೆ. ಬೇರೆಯವರು ಹೋಗೇ ಹೋಗುತ್ತಾರೆ, ನಾವು ಹೋದರೆ ಆಂಟಿಗೆ ಸಹಾಯವಾದರೂ ಆಗುತ್ತದೆ. ಯುಗಾದಿಗೆ ಯಾರೂ ಬರಲಿಲ್ಲ ಎಂದು ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಮನುಷ್ಯರು. ಇವೆಲ್ಲ ಹೇಳಲು ಚೆನ್ನಾಗಿದ್ದವು. ನಿಜ ಏನೆಂದರೆ ನಾಲ್ಕು ದಿನ ರಜೆ ಇತ್ತು, ನಾನು ಎಲ್ಲಿಗೂ ಬುಕ್ ಮಾಡಿರಲಿಲ್ಲ, ಮತ್ತು ಅಂಕಲ್ ಕೊಟ್ಟ ಟೆಂಟು ಗರಾಜಿನಲ್ಲಿ ಕೂತಿತ್ತು.

ಅದು ಅವರಿಬ್ಬರೇ ಹೊರಟ ಮೊದಲ ಪ್ರಯಾಣ, ಕೊನೆಯದೂ ಅದೇ ಆಗುತ್ತದೆಂದು ಆಗ ಗೊತ್ತಿರಲಿಲ್ಲ. ಈಸ್ಟರ್ ಮುಗಿಯುವಷ್ಟರಲ್ಲಿ ಅವರ ಮಗಳನ್ನು ಆಸ್ಪತ್ರೆಗೆ ಸೇರಿಸಿದರೆಂದು ಸುದ್ದಿ ಬಂದು, ಉಳಿದ ಊರುಗಳನ್ನೆಲ್ಲ ಬಿಟ್ಟು ಒಂದೇ ದಿನದಲ್ಲಿ ಮೆಲ್ಬರ್ನಿಗೆ ಓಡಿದರು. ಆಮೇಲೆ ಬಾಣಂತನ, ಆಂಟಿಯ ಮಂಡಿಯ ಆಪರೇಷನ್ನು, ಅಂಕಲ್‌ರ ಹೃದಯ. ಮೆಲ್ಬರ್ನಿನ ಪಾಯಿಂಟ್ ಕುಕ್ ಕಡೆ ಆಗಷ್ಟೇ ಮನೆಗಳು ಏಳುತ್ತಿದ್ದವು, ಮಗಳು ಅಲ್ಲಿ ಮನೆ ಕಟ್ಟಿಸಿದಳು, ಇವರೂ ಅಲ್ಲೇ ಉಳಿದರು. ಮೊನ್ನೆ ಅಂತ್ಯಕ್ರಿಯೆಗೆ ಹೋದಾಗ ನೋಡಿದೆ, ವ್ಯಾನು ಡ್ರೈವ್‌ವೇನ ಕೊನೆಯಲ್ಲಿ ನಿಂತಿದೆ, ಚಕ್ರದ ಸುತ್ತ ಹುಲ್ಲು ಬೆಳೆದಿದೆ.

ಆ ಈಸ್ಟರಿನ ಶುಕ್ರವಾರ ಬೆಳಗ್ಗೆ ನಾವು ಹೊರಟು ಸಂಜೆ ನಾಲ್ಕೂವರೆಯ ಹೊತ್ತಿಗೆ ಈಡನ್ ಸೇರಿದೆವು. ವ್ಯಾನಿನ ಮುಂದೆ ಎರಡು ಕುರ್ಚಿ, ಎರಡೂ ಸಮುದ್ರದ ಕಡೆ ಮುಖ ಮಾಡಿ. ಒಂದರಲ್ಲಿ ಆಂಟಿ ಕೂತಿದ್ದರು, ಕಾಲು ಚಾಚಿ, ಚಪ್ಪಲಿ ಬಿಟ್ಟು, ಮಡಿಲಲ್ಲಿ ಆ ನೋಟ್‌ಬುಕ್ಕು. ನಮ್ಮ ಕಾರಿನ ಸದ್ದಿಗೆ ತಿರುಗಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಕ್ಷಣ ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ನಕ್ಕರು, ಚಪ್ಪಲಿ ಹಾಕಿಕೊಂಡರು, ಎದ್ದರು. ಬನ್ನಿ ಬನ್ನಿ, ಎಷ್ಟು ದೂರದಿಂದ ಬಂದಿದೀರ, ಹಸಿದಿರ್ತೀರ ಎಂದು ನನ್ನ ಮಗಳ ಕೆನ್ನೆ ಮುಟ್ಟಿ, ಒಲೆ ಹಚ್ಚಲು ಹೋದರು. ಅಂಕಲ್ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸುತ್ತಿದ್ದರು. ಅಷ್ಟು ಸಂತೋಷದ ಮುಖ ನಾನು ನೋಡಿಲ್ಲ. ನಾಳೆಗೆ ಹನ್ನೆರಡು ಜನ ಆಗುತ್ತೇವೆಂದರು.

ಟೆಂಟು ಹಾಕಿ ಮುಗಿಸುವಷ್ಟರಲ್ಲಿ ಆಂಟಿ ಮಧ್ಯಾಹ್ನದ ಹುಳಿಗೆ ನೀರು ಬೆರೆಸಿ ಕುದಿಸಿ, ಅನ್ನ ಮಾಡಿದ್ದರು. ಗಂಡಸರು ಮೊದಲು ಕೂತುಬಿಡಿ ಎಂದರು. ನನ್ನ ಹೆಂಡತಿ ನಾನು ಮಾಡುತ್ತೇನೆಂದು ಎಷ್ಟು ಹೇಳಿದರೂ, ವ್ಯಾನಿನ ಒಳಗೆ ಇಬ್ಬರು ನಿಲ್ಲಲು ಜಾಗ ಇರಲಿಲ್ಲ. ನಾವೇ ಹಾಗೆ ಜೋಡಿಸಿದ್ದು. ಅಂಕಲ್ ಒಂದು ಕುರ್ಚಿಯಲ್ಲಿ ಕೂತರು. ನಾನು ಇನ್ನೊಂದರಲ್ಲಿ ಕೂತೆ. ಅದರ ಬಟ್ಟೆ ಇನ್ನೂ ಬೆಚ್ಚಗಿತ್ತೋ ಏನೋ, ಹಸಿವಿನಲ್ಲಿ ಗಮನಿಸಲಿಲ್ಲ. ಎದುರಿಗೆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮೀನಿನ ದೋಣಿಗಳು ಒಳಗೆ ಬರುತ್ತಿದ್ದವು. ಅಂಕಲ್ ದೋಣಿಗಳನ್ನು ತೋರಿಸಿ ಏನೇನೋ ಹೇಳುತ್ತಿದ್ದರು. ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ನನ್ನ ಮಗಳಿಗೆ ಆಗ ಆರು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷೇ. ವ್ಯಾನಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡುತ್ತಿದ್ದವಳು ಕೇಳಿದಳು. "ಡ್ಯಾಡ್, ವೆನ್ ಡು ವಿ ಗೆಟ್ ಪ್ಲೇಟ್ಸ್?"

ತಿರುಗಿ ನೋಡಿದೆ. ಆಂಟಿ ಸಮುದ್ರಕ್ಕೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದರು. ಕುಕ್ಕರು ಇಬ್ಬರದೇ ಆದ್ದರಿಂದ ಎರಡನೆಯ ಸಲ ಅನ್ನಕ್ಕೆ ಇಟ್ಟಿದ್ದರು. ನನ್ನ ಹೆಂಡತಿ ನಾನು ಏಳುವುದನ್ನೇ ಕಾಯುತ್ತ, ತೊಳೆಯಲು ನೀರಿನ ತಂಬಿಗೆ ಹಿಡಿದುಕೊಂಡಿದ್ದಳು. ಇನ್ನೂ ಮೂರು ಜನ ಉಣ್ಣಬೇಕಾಗಿತ್ತು.

ಬೇರೆ ತಟ್ಟೆ ಇಲ್ಲವಾ ಆಂಟಿ ಎಂದು ಕೇಳಿಬಿಟ್ಟೆ. ಬಾಯಿ ಮೀರಿ ಬಂದ ಪ್ರಶ್ನೆ.

ಆಂಟಿ ತಿರುಗಲಿಲ್ಲ. ಕುಕ್ಕರಿನ ಮುಚ್ಚಳ ಬಿಗಿ ಮಾಡುತ್ತ, ಸಿಟ್ಟಿಲ್ಲದೆ, ನಾಳೆ ಹಾಲು ತರಬೇಕು ಎನ್ನುವ ದನಿಯಲ್ಲಿ ಹೇಳಿದರು.

"ಎರಡೇ ಅಲ್ವಾ ಇರೋದು. ನೀವೇ ಎಣಿಸಿ ಇಟ್ರಲ್ಲ."

ನಾನು ಎದ್ದೆ. ತಟ್ಟೆ ತೊಳೆದೆ. ಮೊದಲು ಮಗಳು, ಹೆಂಡತಿ ಉಂಡರು. ಆಮೇಲೆ ಬಲವಂತ ಮಾಡಿ ಆಂಟಿಯನ್ನು ಕರೆತಂದು, ಅವರ ಕುರ್ಚಿಯಲ್ಲೇ ಕೂರಿಸಿ, ಕೈಗೆ ತಟ್ಟೆ ಕೊಟ್ಟೆ. ಅಷ್ಟು ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಅವರ ಎದುರಿಗೆ ಏನೂ ಕಾಣುತ್ತಿರಲಿಲ್ಲ.